ಗಂಟು ಎಸೆಯಲು ಬಿಡದ ದೊಡ್ಡಕ್ಕ

ಬೆಳಗಿನ ಆರೂಕಾಲು. ಮಿಡಿಗೇಶಿಯ ಮೊದಲ ಬಸ್ಸಿನಿಂದಿಳಿದ ದೊಡ್ಡಕ್ಕ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ ಬೀಗ ತೆಗೆಯುತ್ತಾರೆ. ಐವತ್ತೇಳು ವರ್ಷದ ಗುತ್ತಿಗೆ ಆಯಾ. ನೆಲ ಒರೆಸುವ ಮೊದಲೇ ಕುಯ್ದ ಗಂಟುಗಳನ್ನು ಪರೀಕ್ಷೆಗೆ ಕಳಿಸುವ ಖಾಲಿ ಬಾಟಲಿಗಳನ್ನು ಕಪಾಟಿನಿಂದ ಇಳಿಸಿ, ಒಂದೊಂದರ ಬಾಯಿಗೂ ಮೂರು ಬೆರಳು ತೂರಿಸಿ ನೋಡುತ್ತಾರೆ. ಬೆರಳು ಇಳಿಯದ ಒಂದನ್ನು ಪಕ್ಕಕ್ಕೆ ತಳ್ಳುತ್ತಾರೆ.

“ಹಾಕೋವಾಗ ಗಂಟು ಮೆತ್ತಗಿರ್ತದೆ, ಸಲೀಸಾಗಿ ಹೋಯ್ತದೆ. ಕೆಡದಂಗೆ ಹಾಕೋ ಫಾರ್ಮಲಿನ್‌ನಾಗೆ ಒಂದಿನ ಇದ್ರೆ ಕಲ್ಲಾಯ್ತದೆ ಕಣಮ್ಮ. ಬಾಯಿ ಚಿಕ್ಕದಾದ್ರೆ ಈಚೆಗೆ ಬರಲ್ಲ. ಲ್ಯಾಬಿನೋರು ಕಿತ್ತು ಕಿತ್ತು ತೆಗೀತಾರೆ. ಕಿತ್ತೋಗಿರೋದ್ರಾಗೆ ಅವರೇನು ನೋಡಾರು?”

ಮಾತಾಡುತ್ತಿದ್ದರೂ ಅವರ ಕಣ್ಣು ಗೇಟಿನ ಕಡೆಗೇ ಇದೆ. ಬಡವನಹಳ್ಳಿಯಲ್ಲಿ ರವಿಕೆ ಹೊಲಿಯುವ ರಾಧಾಮಣಿ ಇವತ್ತು ಬರಬೇಕು. ಒಂದು ವರ್ಷದ ಹಿಂದೆ ಆಕೆಯ ತಲೆಯ ಚರ್ಮದಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾಗಿ ಆಪರೇಷನ್ ಆಗಿತ್ತು. ಹೋದ ವಾರ ಕತ್ತಿನಲ್ಲಿ ಹುಣಸೆಬೀಜದಷ್ಟು ಏನೋ ಕೈಗೆ ಸಿಕ್ಕಿದೆ. ಸೂಜಿ ಹಾಕಿ ತೆಗೆದ ಮಾದರಿಯ ವರದಿ ಇವತ್ತು ಬರುತ್ತದೆ.

ಮಧುಗಿರಿ ಕಡೆಯ ಈ ಸಣ್ಣ ಆಸ್ಪತ್ರೆಯ ಹೆಸರು ಹಾಕಬೇಡಿ ಎಂದಿದ್ದಾರೆ ದೊಡ್ಡಕ್ಕ. ಮಂಗಳವಾರ, ಶುಕ್ರವಾರ ಇಲ್ಲಿ ಗಂಟು ತೆಗೆಯುತ್ತಾರೆ. ದಿನಕ್ಕೆ ಐದಾರು ಜನ. ಕಳ್ಳಂಬೆಳ್ಳದವರೂ ಬರುತ್ತಾರೆ, ಕೊರಟಗೆರೆಯವರೂ ಬರುತ್ತಾರೆ. ಹೆಚ್ಚಿನವು ಬರೀ ಕೊಬ್ಬಿನ ಗಂಟುಗಳು. ಹಾಗೆಂದೇ ಎಷ್ಟೋ ಕಡೆ ಕುಯ್ದದ್ದು ನೇರ ಆಸ್ಪತ್ರೆ ಕಸದ ಹಳದಿ ಬಕೆಟ್ಟಿಗೆ ಬೀಳುತ್ತದೆ. ಇಲ್ಲಿ ಮಾತ್ರ ದೊಡ್ಡಕ್ಕ ಟ್ರೇಯನ್ನು ಹೊಟ್ಟೆಗೆ ಅವಚಿಕೊಂಡು ಡಾಕ್ಟರ ಮುಂದೆ ನಿಲ್ಲುತ್ತಾರೆ.

“ಚೀಟಿ ಬರೀರಿ ಸಾ.”

“ದೊಡ್ಡಕ್ಕ, ಇದು ಬರೀ ಕೊಬ್ಬು.”

“ಆಗ್ಲಿ, ಅದನ್ನ ಲ್ಯಾಬಿನೋರೇ ಬರ್ದು ಕಳಿಸ್ಲಿ. ನಿಮ್ ಕಣ್ಣಾಗೆ ಮೈಕ್ರೋಸ್ಕೋಪ್ ಐತಾ?”

ಈಗಿನ ಡಾಕ್ಟರ್ ನರಸಿಂಹರಾಜು ನಕ್ಕು ಬರೆದುಕೊಡುತ್ತಾರೆ. ಹಿಂದಿನವರು ನಗುತ್ತಿರಲಿಲ್ಲ. ‘ನಿಮ್ಮ ಕೆಲಸ ಸ್ವಚ್ಛತೆ ಮಾತ್ರ’ ಎಂದು ಮೆಮೊ ಕೊಟ್ಟಿದ್ದರು.

ಈ ಹಟ ಎಲ್ಲಿಂದ ಬಂತು ಎಂದು ಕೇಳಿದರೆ ಅವರು ತಂಗಿಯ ಮಾತೆತ್ತುತ್ತಾರೆ. ಹನ್ನೆರಡು ವರ್ಷದ ಹಿಂದೆ ಅವರು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಾ. ತಂಗಿ ಹನುಮಕ್ಕನ ಹಿಮ್ಮಡಿಯಲ್ಲಿ ಕೆಂಪಗೆ, ಮುಟ್ಟಿದರೆ ರಕ್ತ ಒಸರುವ ಒಂದು ಗಂಟು. ಊರಿನವರು ಆಣಿ ಎಂದರು. ಕುದುರೆ ಬಾಲದ ಕೂದಲು ಕಟ್ಟಿದರು, ಸುಣ್ಣ-ಸೋಪು ಹಚ್ಚಿ ಸುಟ್ಟರು. ಕೊನೆಗೆ ದೊಡ್ಡಕ್ಕನೇ ತಾನು ಕೆಲಸಕ್ಕಿದ್ದಲ್ಲಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಎರಡು ವರ್ಷದಲ್ಲಿ ಮೂರು ಸಲ ಕುಯ್ದರು. ಮೂರು ಸಲವೂ ಅದು ಬೆಳೆಯಿತು.

“ತೊಡೆಸಂದಿನಾಗೆ ಗಡ್ಡೆ ಎದ್ಮೇಲೆ ಬೆಂಗ್ಳೂರಿಗೆ ಹೋದ್ವಿ. ಬೆವರಿನ ಗ್ರಂಥಿ ಕ್ಯಾನ್ಸರ್ ಅಂದ್ರು. ಬೆವರಿಗೂ ಕ್ಯಾನ್ಸರ್ ಬತ್ತದಾ ಅಂತ ನಾನು ಬಾಯ್ಬಿಟ್ಕೊಂಡು ನಿಂತೆ. ಮೊದಲ್ನೇ ಸಲ ತೆಗೆದಿದ್ದು ಎಲ್ಲೋಯ್ತಮ್ಮ, ಟೆಸ್ಟ್ ಮಾಡಿಸಿದ್ರಾ ಅಂದ್ರು ಅಲ್ಲಿನ ಡಾಕ್ಟ್ರಮ್ಮ. ಬಕೆಟ್ಟಿಗೆ ಹಾಕಿದ್ದೇ ನಾನು. ಮೂರು ಸಲಾನೂ ನಾನೇ.”

ಹನುಮಕ್ಕ ಆರು ತಿಂಗಳೂ ಉಳಿಯಲಿಲ್ಲ.

ಇಂಥ ಕ್ಯಾನ್ಸರ್ ಬಹಳ ಅಪರೂಪ ಎನ್ನುತ್ತಾರೆ ವೈದ್ಯರು. ನಿಜವೇ ಇರಬಹುದು. ಆದರೆ ಬಕೆಟ್ಟಿಗೆ ಬಿದ್ದವುಗಳನ್ನು ಎಣಿಸಿದವರು ಯಾರು? ತಲೆಗೂದಲ ನಡುವೆ, ಕಂಕುಳಲ್ಲಿ, ಹಿಮ್ಮಡಿಯ ಕೆಳಗೆ ಎದ್ದ ಗಂಟನ್ನು ಮನೆಯವರು ನೋಡುವುದಿಲ್ಲ, ದುಡಿಯುವ ಹೆಂಗಸು ತಾನೂ ನೋಡಿಕೊಳ್ಳುವುದಿಲ್ಲ. ನೋಡಿಕೊಂಡು ಬಂದವಳಿಗೆ ‘ಏನಿಲ್ಲ ಹೋಗಮ್ಮ’ ಎಂದು ನಾವು ಹೇಳಿ ಕಳಿಸುತ್ತೇವೆ. ಆಮೇಲೆ ಅಪರೂಪ ಎಂಬ ಮಾತಿನ ಹಿಂದೆ ಅಡಗಿಕೊಳ್ಳುತ್ತೇವೆ.

ರಾಧಾಮಣಿ ಮೂರು ವರ್ಷ ಗಂಟಿನ ಮೇಲೆ ಹೂ ಮುಡಿದಿದ್ದರು. ಬೇರೊಂದು ಕಡೆ ಎರಡು ಸಲ ಕುಯ್ಯಿಸಿಕೊಂಡಿದ್ದರು, ಅಲ್ಲಿನವರು ಎರಡನ್ನೂ ಎಸೆದಿದ್ದರು. ಇಲ್ಲಿಗೆ ಬಂದಾಗ ನರಸಿಂಹರಾಜು ಇಡೀ ಗಂಟಿಗೆ ಕೈ ಹಾಕದೆ ಪರೀಕ್ಷೆಗೆಂದು ಚೂರು ಮಾತ್ರ ತೆಗೆದರು. ಕೊರಿಯರ್ ವ್ಯವಸ್ಥೆ ಇಲ್ಲದ್ದರಿಂದ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ದೊಡ್ಡಕ್ಕನೇ ರಜೆ ಹಾಕಿ ತುಮಕೂರಿನ ಬಸ್ಸು ಹತ್ತಿದರು. ಹನ್ನೆರಡನೇ ದಿನ ವರದಿ ಬಂತು: ಬೆವರಿನ ಗ್ರಂಥಿಯ ಕ್ಯಾನ್ಸರ್. ಬೆಂಗಳೂರಿನಲ್ಲಿ ಮೈಯ ಬೇರೆಡೆಯಿಂದ ಹರಡಿದ್ದಲ್ಲ ಎಂದು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡು, ಸುತ್ತಲಿನ ಚರ್ಮವನ್ನೂ ಅಗಲಕ್ಕೆ ತೆಗೆದು, ತೊಡೆಯ ಚರ್ಮ ತಂದು ಮುಚ್ಚಿದರು. ತೆಗೆದ ಚರ್ಮದ ಅಂಚುಗಳಲ್ಲಿ ಕಾಯಿಲೆ ಇರಲಿಲ್ಲ. ಅಂದಿನಿಂದ ಮೂರು ತಿಂಗಳಿಗೊಮ್ಮೆ ಕಾಯಿಲೆ ಹರಡಿದೆಯೇ ಎಂದು ಕತ್ತು ಮುಟ್ಟಿ ನೋಡುತ್ತಾರೆ.

ಹತ್ತೂವರೆಗೆ ರಾಧಾಮಣಿ ಬರುತ್ತಾರೆ, ಸೆರಗು ತಲೆ ತುಂಬ. ದೊಡ್ಡಕ್ಕನ ಕೈ ಹಿಡಿದವರು ಬಿಡುವುದಿಲ್ಲ. ಡಾಕ್ಟರ್ ವರದಿಯನ್ನು ಎರಡು ಸಲ ಓದಿ ತಲೆಯೆತ್ತುತ್ತಾರೆ.

“ಕ್ಯಾನ್ಸರ್ ಏನೂ ಇಲ್ಲಮ್ಮ. ಆ ಹುಳುಕು ಹಲ್ಲಿಂದ ಊದಿರೋದು. ಕೀಳಿಸ್ಕೊಂಡು ಬನ್ನಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡೋಣ.”

“ಹಲ್ಲಿಗಾ ಸಾ! ಒಂದು ಹಲ್ಲಿಗಾ ನಾನು ಎಂಟು ದಿನ ಅನ್ನ ಬಿಟ್ಟಿದ್ದು!” ಅಳು, ನಗು ಎರಡೂ ಒಟ್ಟಿಗೇ ಬರುತ್ತವೆ ಆಕೆಗೆ.

“ಕಿತ್ತಿದ್ ಹಲ್ಲೂ ತತ್ತಾ ಕಣೆ, ಬಾಟ್ಲೀಗೆ ಹಾಕಣ,” ಎನ್ನುತ್ತಾರೆ ದೊಡ್ಡಕ್ಕ. ಆಮೇಲೆ ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ.

ಇಲ್ಲಿನ ಏಳು ವರ್ಷದಲ್ಲಿ ಅವರು ಒತ್ತಾಯಿಸಿ ಕಳಿಸಿದ ಬಾಟಲಿಗಳು ಸಾವಿರ ದಾಟಿವೆ. ಅದರಲ್ಲಿ ಕ್ಯಾನ್ಸರ್ ಎಂದು ಬಂದವು ಇಪ್ಪತ್ತಮೂರು, ಬೆವರಿನ ಗ್ರಂಥಿಯವು ಎರಡೇ. ಯಾವ ವರದಿಯಲ್ಲೂ ಅವರ ಹೆಸರಿಲ್ಲ. ಇರಬೇಕೆಂದು ಅವರು ಕೇಳುವುದೂ ಇಲ್ಲ. ಕೇಳಿರುವುದು ಬೇರೆ.

“ಕುಯ್ದಿದ್ದೆಲ್ಲ ಟೆಸ್ಟಿಗೆ ಹೋಗ್ಬೇಕು ಅಂತ ಗೋಡೆ ಮ್ಯಾಲೆ ದಪ್ಪಕ್ಷರದಾಗೆ ಬರ್ಸಿ ಅಂದೆ. ಸುಣ್ಣ ಬಳಿಸ್ದಾಗ ನೋಡಣ ಅಂದ್ರು. ಎರಡು ವರ್ಷ ಆತು. ಆ ಮಾತು ನನ್ ಬಾಯಾಗೇ ಇದ್ರೆ ನಾನು ಕೆಲ್ಸ ಬಿಟ್ಟು ಮನೀಗೆ ಹೋದ್ ದಿನ ಅದೂ ಹೋಯ್ತದೆ ಕಣಮ್ಮ. ಬಳಿಸ್ಲಿ, ಯಾವತ್ತು ಬಳಿಸ್ತಾರೋ. ಅಲ್ಲೀಗಂಟ ನಾನು ಕೂಗಾಡ್ತಾ ಇರ್ತೀನಿ. ಬಯ್ಕಳ್ಳೋರು ಬಯ್ಕಳ್ಳಿ.”