ರೂಪಾಲಿಯ ಹೊರಗಿನ ದಿನಗಳು

ಅಗಸೂರಿನ ಗೇರುಬೀಜದ ಕಾರ್ಖಾನೆಯಲ್ಲಿ ಹೆಂಗಸರು ಜೋಡಿ ಜೋಡಿಯಾಗಿ ಕೂರುತ್ತಿದ್ದರು. ನಡುವೆ ಹುರಿದ ಬೀಜದ ರಾಶಿ, ಆಚೆ ಒಬ್ಬಳು, ಈಚೆ ಒಬ್ಬಳು, ಇಬ್ಬರ ಕೈಯಲ್ಲೂ ಮರದ ಸುತ್ತಿಗೆ. ಬೀಜದ ಎಣ್ಣೆ ತಾಗಿ ಚರ್ಮ ಸುಡಬಾರದೆಂದು ಕೈಗೆ ಬೂದಿ ಬಳಿದುಕೊಂಡು ಬೆಳಗಿನಿಂದ ಸಂಜೆಯ ತನಕ ಒಡೆಯುವುದೇ ಕೆಲಸ. ಎದುರಿಗೆ ಕೂತವಳ ಮುಖವನ್ನು ಮನೆಯ ಗಂಡನ ಮುಖಕ್ಕಿಂತ ಹೆಚ್ಚು ಹೊತ್ತು ನೋಡಬೇಕು. ಹಾಗಾಗಿ ಯಾರೆದುರು ಯಾರು ಕೂರಬೇಕೆಂಬುದು ಅಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಸಂಬಂಧ ಕುದುರಿಸುವಾಗ ಕೂಡ ಅಷ್ಟು ಲೆಕ್ಕಾಚಾರ ನಡೆಯುತ್ತಿತ್ತೋ ಇಲ್ಲವೋ.

ರೂಪಾಲಿಯ ಎದುರು ಕೂರಲು ಮೊದಲು ಯಾರೂ ಒಪ್ಪಲಿಲ್ಲ. ಕಾರಣ ಗುಟ್ಟಿನದೇನಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ. ಅವಳು ಅಮದಳ್ಳಿಯಲ್ಲಿ ಹುಟ್ಟಿದಾಗ ಗಂಡುಮಗುವೆಂದು ಎಣಿಸಿ ರೂಪೇಶ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವಳಿಗೆ ಯಾವತ್ತೂ ಒಗ್ಗಲಿಲ್ಲ. ತಾಯಿ ಇರುವಷ್ಟು ದಿನ ಮನೆಯಲ್ಲಿ ಹೇಗೋ ನಡೆಯಿತು. ತಾಯಿ ತೀರಿಕೊಂಡ ಮೇಲೆ ಒಂದು ದಿನ ರೂಪಾಲಿ ಆಕೆಯ ಹಳೆಯ ಸೀರೆಯುಟ್ಟು ಬಾವಿಕಟ್ಟೆಗೆ ಬಂದಾಗ ಅಣ್ಣ ಸಂದೇಶ ಏನೂ ಬೈಯಲಿಲ್ಲ. ಬಟ್ಟೆಯ ಚೀಲ ತಂದು ಅಂಗಳದಲ್ಲಿಟ್ಟು ಬಾಗಿಲು ಹಾಕಿಕೊಂಡ, ಅಷ್ಟೆ. ಆಮೇಲೆ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಯಾವಾಗಲಾದರೂ ಎದುರಾದರೆ ಅವನು ಗೋಡೆಯ ಮೇಲಿನ ವೇಳಾಪಟ್ಟಿ ಓದುತ್ತ ನಿಲ್ಲುತ್ತಿದ್ದ.

ಅಗಸೂರಿಗೆ ಬಂದ ಹೊಸತರಲ್ಲಿ ಅವಳನ್ನು ಗಂಡಸರ ಜೊತೆ ಬೀಜ ಹುರಿಯಲು ಹಚ್ಚಿದ್ದರು. ಅಲ್ಲಿಯ ಬೆಂಕಿಯನ್ನಾದರೂ ತಾಳಬಹುದಿತ್ತು, ಜೊತೆಯವರ ಕೈಚೇಷ್ಟೆಯನ್ನು ತಾಳಲಾಗಲಿಲ್ಲ. ಒಂದು ಬೆಳಿಗ್ಗೆ ಅವಳು ಸೀದಾ ಹೆಂಗಸರ ಕಡೆ ಹೋಗಿ ಸುತ್ತಿಗೆ ಹಿಡಿದು ಕೂತುಬಿಟ್ಟಳು. ಗದ್ದಲವೆದ್ದಿತು. ಮಾಲಿಕ ಗಜಾನನ ಒಡೆಯರು ಬಂದು ನೋಡಿದರು. ಒಡೆಯುವವರು ಸಿಗದೆ ಅವರ ತಲೆ ಕೆಟ್ಟಿದ್ದ ಸಮಯ ಅದು.

"ಬೀಜ ಒಡದ್ರೆ ಆತು. ಯಾರು ಒಡದ್ರು ಅಂತ ಬೀಜ ಕೇಳೂದಿಲ್ಲ," ಎಂದು ಹೇಳಿ ಹೋದರು.

ಎದುರಿಗೆ ಕೊನೆಗೆ ಬಂದು ಕೂತವಳು ಗಂಗೂ. ಅವಳು ಗಂಡ ಸತ್ತವಳು. ಬೆಳಗಾದರೆ ಅವಳ ಮುಖ ನೋಡಲು ಉಳಿದವರಿಗೆ ಅಳುಕು. ಒಂದು ಕಡೆ ಯಾರಿಗೂ ಬೇಡದ ಮುಖ, ಇನ್ನೊಂದು ಕಡೆ ಯಾರಿಗೂ ಬೇಡದ ಮುಖ. ಹೀಗೆ ಒಂದು ಜೋಡಿಯಾಯಿತು. ಇಬ್ಬರೂ ಮಾತು ಕಡಿಮೆ ಆಡುತ್ತಿದ್ದರು, ಬೀಜ ಹೆಚ್ಚು ಒಡೆಯುತ್ತಿದ್ದರು.

ಕಾರ್ಖಾನೆಯ ಬಾಗಿಲಲ್ಲೇ ಒಡೆಯರ ಮನೆತನದ ದೈವ ಜಟಗನ ಕಲ್ಲಿತ್ತು. ಒಳಗೆ ಹೋಗುವವರು ಅದರ ಮುಂದೆಯೇ ಹಾದುಹೋಗಬೇಕು. ಹಾಗಾಗಿ ಮುಟ್ಟಾಗಿ ಹೊರಗಾದ ಹೆಂಗಸರು ಮೂರು ದಿನ ಕೆಲಸಕ್ಕೆ ಬರುವಂತಿರಲಿಲ್ಲ. ಕೂಲಿಯೂ ಇಲ್ಲ. ಈ ಕಟ್ಟಳೆಯನ್ನು ಯಾರು ಮಾಡಿದರೆಂದು ಯಾರೂ ಕೇಳಿದವರಲ್ಲ. ಜಟಗನಂತೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ.

ರೂಪಾಲಿ ಹೆಂಗಸರ ಕಡೆ ಕೂತ ಎರಡನೆಯ ತಿಂಗಳು, ಹುಣ್ಣಿಮೆ ಕಳೆದ ಮರುದಿನದಿಂದ ಮೂರು ದಿನ ಕೆಲಸಕ್ಕೆ ಬರಲಿಲ್ಲ. ಮೇಸ್ತ್ರಿ ಮಾಬ್ಲೇಶ್ವರ ಯಾಕೆಂದು ಕೇಳಿದಾಗ ತಲೆ ತಗ್ಗಿಸಿ, "ಹೊರಗಿದ್ದೆ," ಎಂದಳು. ಮಾಬ್ಲೇಶ್ವರ ಕೆಮ್ಮಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುಂದಿನ ತಿಂಗಳೂ ಅದೇ. ಅದರ ಮುಂದಿನ ತಿಂಗಳೂ ಅದೇ. ನಾಲ್ಕಾರು ತಿಂಗಳಿಗೆ ನಗೆ ಹಳತಾಯಿತು. ಹುಣ್ಣಿಮೆ ಕಳೆದರೆ ರೂಪಾಲಿ ಇರುವುದಿಲ್ಲ ಎಂಬುದು ವಾರದ ಸಂತೆಯ ಹಾಗೆ ಎಲ್ಲರಿಗೂ ರೂಢಿಯಾಯಿತು.

ಅವಳು ತಪ್ಪು ತಿಳಿದಿದ್ದಳು. ಹೆಂಗಸರ ಕಟ್ಟಳೆಯನ್ನು ತಾನೂ ಪಾಲಿಸಿದರೆ ಹೆಂಗಸರು ತನ್ನವರಾಗುತ್ತಾರೆಂದು ನಂಬಿದ್ದಳು. ಅದಕ್ಕಾಗಿ ತಿಂಗಳಿಗೆ ಮೂರು ದಿನದ ಕೂಲಿ ಬಿಟ್ಟಿದ್ದಳು. ಆದರೆ ಆ ದಿನಗಳನ್ನು ಅವಳು ಹೇಗೆ ಕಳೆಯುತ್ತಾಳೆಂದು ಯಾರೂ ವಿಚಾರಿಸಿರಲಿಲ್ಲ. ಬಾಡಿಗೆ ಕೋಣೆಯ ಮುಂದಿನ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ. ಅಮದಳ್ಳಿಯಲ್ಲಿ ತಾಯಿ ಹೊರಗಿದ್ದಾಗ ಅಜ್ಜಿ ಎತ್ತರದಿಂದ ಅನ್ನ ಬಡಿಸುತ್ತಿದ್ದುದನ್ನು ಅವಳು ನೋಡಿದ್ದಳು. ಇಲ್ಲಿ ಬಡಿಸುವವರು ಯಾರೂ ಇರಲಿಲ್ಲ. ಅದಕ್ಕೆ ಮುಂಚೆಯೇ ಗಂಜಿ ಬೇಯಿಸಿ ಜಗಲಿಯ ಮೂಲೆಯಲ್ಲಿಟ್ಟುಕೊಳ್ಳುತ್ತಿದ್ದಳು. ಮೂರನೆಯ ದಿನಕ್ಕೆ ಅದು ಹುಳಿ ಬಂದಿರುತ್ತಿತ್ತು. ಉಪ್ಪಿನಕಾಯಿಯ ರಸ ಕಲಸಿಕೊಂಡು ಅದನ್ನೇ ಉಣ್ಣುತ್ತಿದ್ದಳು. ದಾರಿಹೋಕರು ಜ್ವರ ಬಂದಿರಬೇಕು ಎಂದುಕೊಂಡು ಹೋಗುತ್ತಿದ್ದರು.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ಕಾರವಾರದ ಒಂದು ಮಹಿಳಾ ಮಂಡಳದವರಿಗೆ ದುಡಿಯುವ ಹೆಂಗಸರನ್ನು ಸನ್ಮಾನಿಸುವ ಮನಸ್ಸಾಯಿತು. ಮಾರ್ಚ್ ಎಂಟರಂದು ಕಾರ್ಯಕ್ರಮ. ಒಂದೊಂದು ಕಾರ್ಖಾನೆಯಿಂದ ಒಬ್ಬಳು, ಅವಳನ್ನು ಜೊತೆಯ ಹೆಂಗಸರೇ ಆರಿಸಬೇಕು. ಒಂದು ಸೀರೆ, ಒಂದು ಶಾಲು, ವೇದಿಕೆಯ ಮೇಲೆ ಮೈಕಿನಲ್ಲಿ ಹೆಸರು ಕರೆಯುವುದು. ಗಂಗೂ ಯಾರನ್ನೂ ಕೇಳದೆ ರೂಪಾಲಿಯ ಹೆಸರು ಹೇಳಿಬಿಟ್ಟಳು. ಉಳಿದವರು ವೈಶಾಲಿಯ ಹೆಸರು ಹೇಳಿದರು.

ರೂಪಾಲಿಗೆ ಸೀರೆಯ ಆಸೆಯಿರಲಿಲ್ಲ. ಸೀರೆ ಅಂಕೋಲೆಯ ಅಂಗಡಿಯಲ್ಲಿ ಸಿಗುತ್ತಿತ್ತು. ಅವಳಿಗೆ ಬೇಕಾದದ್ದು ಮೈಕು. ಹೆಂಗಸರ ಹೆಸರುಗಳ ಸಾಲಿನಲ್ಲಿ, ಕಾರವಾರದಂಥ ಕಾರವಾರದಲ್ಲಿ, ತನ್ನ ಹೆಸರನ್ನೂ ಯಾರೋ ಒಬ್ಬರು ಗಟ್ಟಿಯಾಗಿ ಕರೆಯಬೇಕು, ಯಾರೂ ನಗಬಾರದು. ಅಷ್ಟು ಆದರೆ ಮುಂದೆ ಬದುಕಲು ಸಾಕೆಂದು ಅವಳಿಗೆ ಅನ್ನಿಸಿತ್ತು. ಆ ದಿನಗಳಲ್ಲಿ ಸುತ್ತಿಗೆ ಹೊಡೆಯುತ್ತ ತನ್ನ ಹೆಸರನ್ನು ತಾನೇ ಮನಸ್ಸಿನಲ್ಲಿ ಕರೆದುಕೊಳ್ಳುತ್ತಿದ್ದಳು.

ಎರಡು ಹೆಸರು ಬಂದು ಜಗಳವಾದ್ದರಿಂದ ಮಂಡಳದ ರಂಜನಾಬಾಯಿ ತಾವೇ ಕಾರು ಮಾಡಿಕೊಂಡು ಬಂದರು. ಚಹದ ಹೊತ್ತಿನಲ್ಲಿ ಎಲ್ಲರನ್ನೂ ಅಂಗಳದ ಗೇರುಮರದ ಕೆಳಗೆ ಕೂರಿಸಿದರು. ಒಳ್ಳೆಯ ಹೆಂಗಸು. ಎಲ್ಲರಿಗೂ ನ್ಯಾಯ ಕೊಡಿಸಬೇಕೆಂಬ ಉಮೇದು ಇತ್ತು. ಸಂಜೆಯೊಳಗೆ ಕಾರವಾರಕ್ಕೆ ಹಿಂತಿರುಗುವ ಅವಸರವೂ ಇತ್ತು.

ವೈಶಾಲಿ ಎದ್ದು ನಿಂತಳು. ಅವಳು ಕೆಟ್ಟವಳಲ್ಲ. ಹೊಟ್ಟೆ ಮುಂದೆ ಬಂದು ಬಗ್ಗಲಾಗದ ದಿನಗಳಲ್ಲೂ ಕಾಲು ಚಾಚಿ ಕೂತು ಬೀಜ ಒಡೆದವಳು.

"ನಂಗೆ ರೂಪಾಲಿ ಮೇಲೆ ಹಗೆ ಇಲ್ಲ ಬಾಯೋರೆ. ಕೆಲ್ಸ ಚೊಲೋ ಮಾಡ್ತಾಳೆ. ಆದ್ರೆ ಹೆಂಗ್ಸು ಅಂದ್ರೆ ಸೀರೆ ಉಡೂದು ಒಂದೇ ಅಲ್ಲಲಾ? ಮಗಳಿಗೆ ಜ್ವರ ಬಂದ್ರೆ ಕೆಲ್ಸ ಬಿಟ್ಟು ಕೂರೂದು ನಾ. ಅತ್ತೆಗೆ ಕಾಲುನೋವು ಬಂದ್ರೆ ಕೂರೂದು ನಾ. ಇವ್ಳಿಗೆ ಯಾರದಾರೆ? ಯಾರೂ ಇಲ್ದವ್ರಿಗೆ ಕೆಲ್ಸ ಮಾಡೂಕೆ ಎಂತ ಅಡ್ಡಿ?"

"ನಂಗೂ ಯಾರೂ ಇಲ್ಲ," ಗಂಗೂ ಕೂತಲ್ಲಿಂದಲೇ ಕೇಳಿದಳು. "ಹಾಂಗಾರೆ ನಾನೂ ಹೆಂಗ್ಸಲ್ಲನೆ?"

"ನಿಂಗೆ ಇದ್ರು, ಹೋದ್ರು. ಅದು ಬೇರೆ ಗಂಗಕ್ಕಾ."

ರೂಪಾಲಿ ಕೈಯ ಬೂದಿ ಉಜ್ಜುತ್ತ ಕೂತಿದ್ದಳು. ವೈಶಾಲಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತನ್ನನ್ನು ಮನೆಗೆ ಕರೆಯುವ ಜ್ವರವಿಲ್ಲ, ಕಾಲುನೋವಿಲ್ಲ. ಅದನ್ನು ಸುಖವೆಂದು ಯಾರಾದರೂ ಎಣಿಸುತ್ತಾರೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಅಷ್ಟರಲ್ಲಿ ತಿಮ್ಮು ಎಂಬವಳು ಹಿಂದಿನಿಂದ ಕೂಗಿದಳು. "ಯಾರೂ ಇಲ್ದಿದ್ರೂ ತಿಂಗಳಿಗೆ ಮೂರು ದಿನ ರಜಾ ಹಾಕ್ತಾಳೆ ಬಾಯೋರೆ. ಹೊರಗಾಗ್ತಾಳಂತೆ!"

ಹಳತಾಗಿದ್ದ ನಗೆ ಮತ್ತೆ ಹೊಸತಾಯಿತು. ಕೆಲವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ರಂಜನಾಬಾಯಿಯವರಿಗೆ ಬೇರೆಯೇ ಸಂಗತಿ ಕಿವಿಗೆ ಬಿತ್ತು.

"ಈಗಿನ ಕಾಲದಲ್ಲೂ ನೀವೆಲ್ಲ ಹೊರಗೆ ಕೂರ್ತೀರಾ? ಅದಕ್ಕೆ ಸಂಬಳ ಬೇರೆ ಕಟ್ ಮಾಡ್ತಾರಾ?" ಎಂದು ಸಿಟ್ಟಾದರು. ಅವರ ಸಿಟ್ಟು ನ್ಯಾಯದ್ದೇ. ಆದರೆ ಆ ಹೊತ್ತಿನಲ್ಲಿ ಅದನ್ನು ಕೇಳುವವರು ಇರಲಿಲ್ಲ.

ವೈಶಾಲಿ ಮಾತ್ರ ನಕ್ಕಿರಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ನಗೂಕೆ ಎಂತ ಅದೆ ಇದ್ರಲ್ಲಿ? ನಂಗೆ ಸಿಟ್ಟು ಬರೂದೇ ಅದ್ಕೆ. ಆ ಮೂರು ದಿನ ನಂಗೆ ಸೊಂಟ ಎತ್ತೂಕಾಗೂದಿಲ್ಲ. ಮೇಲಿಂದ ಕೂಲಿ ಹೋಗ್ತದೆ. ಇವ್ಳು ಅದನ್ನೇ ಆಟ ಮಾಡ್ಕಂಡಾಳೆ."

ರೂಪಾಲಿ ತಲೆಯೆತ್ತಿದಳು. "ಆಟ ಅಲ್ಲ ವೈಶಾಲಕ್ಕಾ. ನಾ ಖರೇನೇ ಹೊರಗೆ ಕೂತ್ಕಂತೆ."

"ಎಲ್ಲಿ?"

"ಜಗಲಿ ಮೇಲೆ. ಒಳಗೆ ಹೋಗೂದಿಲ್ಲ."

"ಊಟ ಯಾರು ಹಾಕ್ತ್ರು?"

"ಮೊದ್ಲೇ ಗಂಜಿ ಮಾಡಿ ಹೊರಗೆ ಇಟ್ಕಂತೆ."

"ಮೂರ್ನೇ ದಿನಕ್ಕೂ ಅದೇಯಾ?"

"ಅದೇ."

ವೈಶಾಲಿ ಮೆಲ್ಲಗೆ ಕೂತುಕೊಂಡಳು. ರಂಜನಾಬಾಯಿ ಗಡಿಯಾರ ನೋಡಿಕೊಂಡು, ಕೈ ಎತ್ತಿಸಿಬಿಡೋಣ ಎಂದರು. ರೂಪಾಲಿಗೆಂದು ಎದ್ದದ್ದು ಗಂಗೂವಿನ ಕೈ ಒಂದೇ. ಉಳಿದ ಕೈಗಳೆಲ್ಲ ವೈಶಾಲಿಗೆ ಎದ್ದವು. ವೈಶಾಲಿ ತಾನು ಯಾರಿಗೂ ಕೈ ಎತ್ತಲಿಲ್ಲ.

ಹೊರಡುವ ಮುಂಚೆ ರಂಜನಾಬಾಯಿ ರೂಪಾಲಿಯ ಹೆಗಲ ಮೇಲೆ ಕೈಯಿಟ್ಟರು. "ಬೇಜಾರು ಮಾಡ್ಕೋಬೇಡಿ. ನಿಮ್ಮಂಥವರಿಗೆ ಅಂತಲೇ ಒಂದು ವಿಶೇಷ ಪುರಸ್ಕಾರ ಇಡೋಣ. ಕೊನೆಯಲ್ಲಿ ಬೇರೆಯಾಗಿ ಕರೀತೀವಿ."

"ನಮ್ಮಂಥವ್ರು ಇಲ್ಲಿ ನಾನೊಬ್ಳೇ ಬಾಯೋರೆ," ಎಂದಳು ರೂಪಾಲಿ. "ನನ್ನೊಬ್ಳಿಗೆ ಬೇರೆ ಪಂಕ್ತಿ ಹಾಕೂದು ಬೇಡ."

ಮಾರ್ಚ್ ಎಂಟರಂದು ಟೆಂಪೋ ಬಂತು. ಹೆಂಗಸರೆಲ್ಲ ಅಬ್ಬಲಿ ಹೂವಿನ ದಂಡೆ ಮುಡಿದು ಹತ್ತಿದರು. ಗಂಡ ಸತ್ತವರೂ ಬರಲೇಬೇಕೆಂದು ರಂಜನಾಬಾಯಿ ಹಟ ಹಿಡಿದಿದ್ದರಿಂದ ಗಂಗೂ ಸಹ ಹೊರಟಿದ್ದಳು. ಎಷ್ಟೋ ವರ್ಷದ ಮೇಲೆ ಅವಳನ್ನೂ ಒಂದು ಶುಭಕಾರ್ಯಕ್ಕೆ ಯಾರೋ ಕರೆದಿದ್ದರು. ಇಸ್ತ್ರಿ ಮಾಡಿದ ಸೀರೆಯುಟ್ಟು, ರೂಪಾಲಿಯ ಮುಖ ನೋಡಲಾಗದೆ, "ಬತ್ತೆ ಹಾಂ," ಎಂದು ಹೇಳಿ ಹತ್ತಿದಳು. ನೀನೂ ಬಾ ಎಂದು ಕರೆದಳು ಕೂಡ. ರೂಪಾಲಿ ಬೀಜ ಬಾಳ ಇದೆ ಎಂದಳು.

ಆ ದಿನ ಹೆಂಗಸರ ಕಡೆಯ ಅಷ್ಟು ದೊಡ್ಡ ಶೆಡ್ಡಿನಲ್ಲಿ ಅವಳೊಬ್ಬಳೇ ಕೂತಿದ್ದಳು. ಒಂದೇ ಸುತ್ತಿಗೆಯ ಸದ್ದು ಹಂಚಿನ ಮಾಡಿಗೆ ತಾಗಿ ಹಿಂತಿರುಗಿ ಬರುತ್ತಿತ್ತು. ಬಿಸಿಲೇರಿದಾಗ ಕಾರವಾರದಲ್ಲಿ ಹೆಸರು ಕರೆಯುತ್ತಿರಬಹುದೆಂದು ಎಣಿಸಿದಳು. ವೈಶಾಲಿಯ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದಳು, ಬರಲಿಲ್ಲ. ಸಿಟ್ಟು ಬಂದಿದ್ದರೆ ಅದಾದರೂ ಜೊತೆಗಿರುತ್ತಿತ್ತು. ಬಂದದ್ದು ನಾಚಿಕೆ. ಇಷ್ಟು ವರ್ಷ ತನ್ನಷ್ಟಕ್ಕೆ ಜಗಲಿಯಲ್ಲಿ ಕೂತು ಮಾಡಿದ್ದನ್ನು ಎಲ್ಲರೆದುರು ಬಿಚ್ಚಿ ಹೇಳಿದೆನಲ್ಲ ಎಂಬ ನಾಚಿಕೆ. ಹೇಳಿಯೂ ಏನೂ ಆಗಲಿಲ್ಲವಲ್ಲ ಎಂಬ ದುಃಖ ಅದಕ್ಕಿಂತ ದೊಡ್ಡದು. ಅವಳು ಸುತ್ತಿಗೆ ಕೆಳಗಿಟ್ಟು ಅತ್ತಳು. ಬೂದಿ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಹಾಗೇ ಬಿಟ್ಟಳು.

ಇನ್ನು ಸಾಕು ಎಂದು ಅವಳು ತೀರ್ಮಾನ ಮಾಡಿದ್ದು ಆವಾಗಲೇ. ಹೆಂಗಸರು ಬೇಡವೆಂದ ಮೇಲೆ ಹೆಂಗಸರ ಕಟ್ಟಳೆ ಯಾಕೆ? ಇನ್ನು ಮುಂದೆ ಹುಣ್ಣಿಮೆ ಬರಲಿ, ಹೋಗಲಿ, ತಾನು ಕೆಲಸಕ್ಕೆ ಬರುವುದೇ. ಜಗಲಿಯೂ ಬೇಡ, ಹುಳಿ ಗಂಜಿಯೂ ಬೇಡ.

ಮುಂದಿನ ಹುಣ್ಣಿಮೆ ಬಂತು, ಕಳೆಯಿತು. ಮರುದಿನ ಬೆಳಿಗ್ಗೆ ರೂಪಾಲಿ ಎಂದಿನ ಹಾಗೆ ಮಿಂದು, ಡಬ್ಬಿಗೆ ಅವಲಕ್ಕಿ ತುಂಬಿಕೊಂಡು, ಬೀಗ ಹಾಕಿ ಹೊರಟಳು. ಕಾರ್ಖಾನೆಯ ಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಅವಳನ್ನು ಕಂಡು ತಿಮ್ಮು ಇನ್ನೊಬ್ಬಳ ಪಕ್ಕೆ ತಿವಿದಳು. ಗಂಗೂ ನೆಲ ನೋಡಿದಳು. ರೂಪಾಲಿ ಯಾರನ್ನೂ ನೋಡದೆ ಜಟಗನ ಕಲ್ಲಿನ ಕಡೆ ನಡೆದಳು.

ಗುಂಪಿನಿಂದ ವೈಶಾಲಿ ಬಂದು ದಾರಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊರಟೆ?"

"ಕೆಲ್ಸಕ್ಕೆ."

"ನಿನ್ನೆ ಹುಣ್ಣಿಮೆ ಆತಲಾ?"

"ಆತು."

"ಮತ್ತೆ ಜಟಗನ ಎದುರಿಗೆ ಎಂತಕೆ ಬಂದೆ? ಮೈಮೇಲೆ ಎಚ್ಚರ ಅದೆಯಾ ಇಲ್ವಾ? ಹಿಂದೆ ಸರಿ. ನಾಕನೇ ದಿನ ಮಿಂದ್ಕಂಡು ಬಾ."

ಚೇಷ್ಟೆಯೋ ಎಂದು ರೂಪಾಲಿ ಅವಳ ಮುಖ ದಿಟ್ಟಿಸಿದಳು. ಅಲ್ಲಿ ನಗೆ ಇರಲಿಲ್ಲ. ತಂಗಿಯನ್ನು ಗದರುವಾಗ ಇರುವಷ್ಟೇ ಸಿಟ್ಟು ಇತ್ತು. ಹಿಂದೆ ನಿಂತವರಲ್ಲೂ ಯಾರೂ ನಗಲಿಲ್ಲ. ತಿಮ್ಮು ಕೂಡ, ತಾಗಿಬಿಟ್ಟೀತೆಂದು, ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಹೋದಳು.

"ತಪ್ಪಾತು ವೈಶಾಲಕ್ಕಾ," ಎಂದಳು ರೂಪಾಲಿ.

ಅವಳು ಬಂದ ದಾರಿಯಲ್ಲೇ ಹಿಂತಿರುಗಿದಳು. ಎದುರಿಗೆ ಬಂದವರಿಗೆ ಮೈ ತಾಗದಂತೆ ರಸ್ತೆಯ ಅಂಚಿಗೆ ಸರಿದು ಸರಿದು ನಡೆದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಎದೆ ಮಾತ್ರ ಹಗುರವಾಗಿತ್ತು. ಮನೆ ಮುಟ್ಟಿ ಬೀಗಕ್ಕೆ ಕೈ ಹಾಕಲು ಹೋದವಳು ಅಲ್ಲೇ ನಿಂತಳು. ಇವತ್ತು ಕೆಲಸಕ್ಕೆ ಹೋಗುವವಳೆಂದು ಗಂಜಿ ಮಾಡಿಟ್ಟಿರಲಿಲ್ಲ, ಚಾಪೆ ಹೊರಗೆ ತಂದಿರಲಿಲ್ಲ. ಕೈಯಲ್ಲಿದ್ದದ್ದು ಒಂದು ಹೊತ್ತಿನ ಅವಲಕ್ಕಿ. ಒಳಗೆ ಅಕ್ಕಿಯಿತ್ತು, ಒಲೆಯಿತ್ತು. ನೋಡುವವರು ಯಾರೂ ಇರಲಿಲ್ಲ.

ಅವಳು ಒಳಗೆ ಹೋಗಲಿಲ್ಲ. ಬರಿನೆಲದ ಮೇಲೆ ಜಗಲಿಯಲ್ಲಿ ಕೂತಳು.