ಪರದೆಯ ಮೇಲೆ ನಿಲ್ಲದ ಅಟ್ಟಣಿಗೆ

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಡಿಸೈನ್ ಆಫೀಸು. ಶೆಡ್ಡು, ಗೋದಾಮು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಇಂಥವುಗಳ ನಕ್ಷೆ ಮಾಡಿಕೊಡುವುದು ನಮ್ಮ ಕಸುಬು. ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಹಿರಿಯ ಇಂಜಿನಿಯರ್ ಆಗಿದ್ದವರು ಸೊರಬದ ಹೆಂಗಸು. ಮೊದಮೊದಲು ಮೇಡಂ ಅನ್ನುತ್ತಿದ್ದೆ. "ಅಕ್ಕ ಅನ್ನು ಸಾಕು. ಮೇಡಂ ಅಂದ್ರೆ ಯಾರೋ ದೂರು ಹೇಳಕ್ಕೆ ಬಂದಂಗೆ ಆಗ್ತದೆ" ಅಂದರು. ಅವತ್ತಿನಿಂದ ಅಕ್ಕನೇ.

ಸೊರಬ ತಾಲೂಕಿನ ಜಡೆ ಕಡೆಯ ಒಂದು ಅಕ್ಕಿ ಗಿರಣಿಯ ಕೆಲಸ ಬಂತು. ಉಕ್ಕಿನ ಎತ್ತರದ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಭತ್ತ ತುಂಬುವ ದೊಡ್ಡ ದೊಡ್ಡ ಬಿನ್‌ಗಳನ್ನು ಕೂರಿಸಬೇಕು. ಕೆಳಗೆ ಲಾರಿ ನಿಲ್ಲುತ್ತದೆ, ಹಮಾಲರು ಓಡಾಡುತ್ತಾರೆ. ಕಂಬ, ತೊಲೆ, ಕಂಬಗಳು ಅಲುಗದಂತೆ ಓರೆಯಾಗಿ ಬಿಗಿಯುವ ಓರೆಪಟ್ಟಿ, ಪ್ಲೇಟು, ಬೋಲ್ಟು ಎಲ್ಲ ಸೇರಿ ಕಂಪ್ಯೂಟರಿನಲ್ಲಿ ಸಾವಿರಾರು ಬಿಡಿಭಾಗ. ನಕ್ಷೆ ಮುಗಿದ ಮೇಲೆ ಅದರ ಮೇಲೆ ಭಾರ ಹೊರಿಸಿ ನೋಡಬೇಕು. ಸಾಫ್ಟ್‌ವೇರು ಪ್ರತಿ ಭಾಗವನ್ನೂ ಸಣ್ಣ ಸಣ್ಣ ಚೂರಾಗಿ ವಿಂಗಡಿಸಿ, ಒಂದೊಂದು ಚೂರೂ ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಿ ಕೂಡಿಸುತ್ತದೆ. ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಅನ್ನುವುದು ಇದಕ್ಕೇ.

ನಮ್ಮ ಅಟ್ಟಣಿಗೆ ಈ ಲೆಕ್ಕಕ್ಕೆ ಬಗ್ಗಲೇ ಇಲ್ಲ. ಮೊದಲು ಬೋಲ್ಟುಗಳ ಹತ್ತಿರ ಸಿಕ್ಕಿಕೊಂಡಿತು. ಅಷ್ಟು ಸಣ್ಣ ಥ್ರೆಡ್ಡುಗಳನ್ನು ಚೂರು ಮಾಡಲಾಗದೆ ಕಂಪ್ಯೂಟರೇ ನಿಂತುಬಿಡುತ್ತಿತ್ತು. ಅಕ್ಕ ಬೋಲ್ಟುಗಳನ್ನೆಲ್ಲ ತೆಗೆಸಿ, ಅವುಗಳ ಜಾಗದಲ್ಲಿ ಬರೀ ಇಲ್ಲಿ ಜೋಡಣೆ ಅಂತ ಗುರುತು ಹಾಕಿಸಿದರು. ಆಮೇಲೆ ಲೆಕ್ಕ ಮುಂದೆ ಹೋಯಿತು, ಅರ್ಧಕ್ಕೆ ಮತ್ತೆ ನಿಂತಿತು. ರಚನೆ ಸ್ಥಿರವಾಗಿಲ್ಲ ಅನ್ನುವ ಕೆಂಪು ಸಾಲು. ಎಷ್ಟು ಸಲ ಓಡಿಸಿದರೂ ಅದೇ.

"ಅಕ್ಕಾ, ಕಂಪ್ಯೂಟರಲ್ಲೇ ಅಲ್ಲಲ್ಲಿ ಒಂದೆರಡು ಕಡೆ ಅಲ್ಲಾಡದ ಹಾಗೆ ಹಿಡಿದುಬಿಟ್ರೆ ಲೆಕ್ಕ ಮುಗೀತದಂತೆ. ಎಲ್ಲರೂ ಹಂಗೇ ಮಾಡ್ತಾರೆ" ಅಂದೆ.

"ಮಾಡಬಹುದು. ಕಂಪ್ಯೂಟರ್ ಬಾಯಿ ಮುಚ್ತದೆ. ಆದ್ರೆ ಜಡೇಲಿ ಅದನ್ನ ಗಾಳೀಲಿ ಹಿಡ್ಕಂಡು ನಿಲ್ಲೋರು ಯಾರು?"

ಬೈಯಲಿಲ್ಲ, ನಿಜವಾಗಿ ಕೇಳಿದರು. ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಕೂತು, "ಭಾರ ತೆಗೆ. ಸುಮ್ನೆ ಅಲುಗಾಡಿಸಿ ನೋಡಾಣ. ಯಾವ್ದು ಗಟ್ಟಿ ಇಲ್ವೋ ಅದು ತಾನೇ ಮೊದ್ಲು ಎದ್ದು ಬರ್ತದೆ" ಅಂದರು. ಹಾಗೇ ಆಯಿತು. ಇಡೀ ಅಟ್ಟಣಿಗೆ ಅಲ್ಲಾಡದೆ ನಿಂತಿದ್ದರೆ, ಅಲ್ಲೊಂದು ಇಲ್ಲೊಂದು ಪ್ಲೇಟು ಯಾರಿಗೂ ಸಂಬಂಧವಿಲ್ಲದಂತೆ ತೇಲಿ ಹೊರಟವು. ಕಣ್ಣಿಗೆ ಮುಟ್ಟಿದಂತೆ ಕಂಡರೂ ಕೂದಲೆಳೆಯಷ್ಟು ಸಂದು ಇದ್ದಂಥವು. ಅವನ್ನೆಲ್ಲ ಕೂಡಿಸಿದೆವು. ಕೊನೆಗೆ ಒಂದು ಮೂಲೆಯ ಓರೆಪಟ್ಟಿ ಉಳಿಯಿತು. ಅದರ ಒಂದು ತುದಿ ಗಾಳಿಯಲ್ಲಿ ತೂಗುತ್ತಿತ್ತು. ಹತ್ತಿರ ತಂದು ನೋಡಿದರೆ ಕಂಬಕ್ಕೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಜಾಗ.

ಅಕ್ಕ ಮೌಸಿನಿಂದ ಕೈ ತೆಗೆದರು. "ಇದು ಕಂಪ್ಯೂಟರಿಂದಲ್ಲ ಮಾರಾಯ್ತಿ. ನಿಜವಾಗ್ಲೂ ಮುಟ್ಟಿಲ್ಲ."

ಗಿರಣಿಗೆ ಬಿನ್ ಒದಗಿಸುವ ಮೆಷಿನಿನವರು ನಡುವೆ ಬಿನ್ನಿನ ಅಳತೆ ಬದಲಿಸಿದ್ದರು. ಅದಕ್ಕೆ ತಕ್ಕಂತೆ ಕಂಬ ಸರಿದಿತ್ತು, ಈ ಒಂದು ಪಟ್ಟಿ ಹಳೆಯ ಜಾಗದಲ್ಲೇ ಉಳಿದಿತ್ತು. ನಾನು ಹೇಳಿದಂತೆ ಹಿಡಿದು ನಿಲ್ಲಿಸಿದ್ದರೆ ಲೆಕ್ಕ ಮುಗಿದು, ನಕ್ಷೆ ಹಾಗೇ ವರ್ಕ್‌ಶಾಪಿಗೆ ಹೋಗುತ್ತಿತ್ತು.

ಅಷ್ಟರಲ್ಲಿ ಗಿರಣಿಯ ಮಾಲೀಕರ ಫೋನು. ಶಿಕಾರಿಪುರದವರೇ, ದನಿ ದೊಡ್ಡದು. "ಏನ್ರೀ ಮೇಡಂ, ಕಬ್ಣ ತಂದಿಟ್ಕಂಡು ಕುಂತಾರ್ರೀ ಜನ. ನಕ್ಷೆ ಯಾವಾಗ?"

ಕಂಪ್ಯೂಟರ್ ಕೆಟ್ಟಿದೆ ಅಂದುಬಿಡಬಹುದಿತ್ತು. ಅಕ್ಕ, "ನಮ್ಮ ನಕ್ಷೇಲೇ ಒಂದು ಮೂಲೆ ತಪ್ಪಿತ್ತು ರೀ. ಈಗಷ್ಟೇ ಸಿಕ್ತು. ಸರಿ ಮಾಡಿ ಪೂರ್ತಿ ನೋಡೇ ಕೊಡೋದು" ಅಂದರು.

"ಕಬ್ಣ ಕತ್ತರಿಸೋಕೂ ಮುಂಚೆ ಸಿಕ್ತಲ್ಲ, ಅಷ್ಟಾತು ಬಿಡ್ರಿ. ಹಂಗಾರೆ ಅವಸರ ಮಾಡಬ್ಯಾಡ್ರಿ" ಅಂದರು ಮಾಲೀಕರು.

ಪಟ್ಟಿ ಸರಿಪಡಿಸಿ ಓಡಿಸಿದಾಗ ಲೆಕ್ಕ ಕೊನೆ ಮುಟ್ಟಿತು. ಪರದೆ ತುಂಬ ನೀಲಿ, ಹಸಿರು, ಅಲ್ಲಲ್ಲಿ ಹಳದಿ; ಭಾರ ತಡೆಯದ ಕಡೆ ಬರುವ ಕೆಂಪು ಎಲ್ಲೂ ಇಲ್ಲ. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಲಿಲ್ಲ. ಪ್ರತಿ ಕಂಬದ ಬುಡಕ್ಕೆ ಬಂದ ಭಾರವನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ, ಭತ್ತದ ತೂಕ, ಬಿನ್ನಿನ ತೂಕ, ಉಕ್ಕಿನ ತೂಕದ ಮೊತ್ತಕ್ಕೆ ತಾಳೆ ನೋಡಿದರು. ಹೊಂದಿತು. "ಈಗ ನಂಬಬಹುದು" ಅಂದು ಊಟದ ಡಬ್ಬಿ ಬಿಚ್ಚಿದರು. ಅಷ್ಟು ವರ್ಷ ಅನುಭವ ಇದ್ದವರು ಬಣ್ಣ ನೋಡಿ ಮರುಳಾಗಲಿಲ್ಲ, ತಮ್ಮ ಅನುಭವಕ್ಕೂ ಮರುಳಾಗಲಿಲ್ಲ. ಅದನ್ನು ನಾನು ಕಾಲೇಜಿನಲ್ಲಿ ಯಾರಲ್ಲೂ ಕಂಡಿರಲಿಲ್ಲ.

ಮೊದಲ ಸಲ ಭತ್ತ ತುಂಬುವ ದಿನ ಇಬ್ಬರೂ ಜಡೆಗೆ ಹೋದೆವು. ಎಲ್ಲರೂ ಮೇಲೆ ನೋಡುತ್ತಿದ್ದರೆ ಅಕ್ಕ ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟು, ತೊಲೆ ಎಷ್ಟು ಬಾಗುತ್ತದೆಂದು ನೋಡುತ್ತಲೇ ಇದ್ದರು. ಪರದೆ ಹೇಳಿದ್ದಕ್ಕಿಂತ ಒಂಚೂರು ಕಡಿಮೆಯೇ ಬಾಗಿತು. ಮಾಲೀಕರು ಮಂಡಕ್ಕಿ, ಮಿರ್ಚಿ ತರಿಸಿದ್ದರು. ಅಕ್ಕ ಕೊನೆಯ ಬಿನ್ ತುಂಬುವವರೆಗೆ ಮುಟ್ಟಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಅವರ ಊರು ಸೊರಬ ಬಂದರೂ ಎಚ್ಚರವಾಗಲಿಲ್ಲ, ನಾನೇ ಎಬ್ಬಿಸಿ ಇಳಿಸಿದೆ.