ಅರ್ಧ ಕುಲಾವಿ

ಮಧ್ಯಾಹ್ನ ಎರಡು ಗಂಟೆ ಹದಿನೈದು ನಿಮಿಷ. ಮೀನಕ್ಕ ಮೈಕ್ರೊಸ್ಕೋಪಿನ ಮೇಲೆ ಬಾಗಿ, ಬೆಳಿಗ್ಗೆ ಒಂಬತ್ತಕ್ಕೆ ಮೀನುಗಳು ಇಟ್ಟ ಮೊಟ್ಟೆಗಳನ್ನು ಎಣಿಸುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ತೊಟ್ಟಿ ತೊಳೆಯಲು ಈ ಪ್ರಯೋಗಾಲಯಕ್ಕೆ ಬಂದವರು. ಅವರ ಸ್ವಂತ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಮೊಟ್ಟೆಯ ತುದಿಯಲ್ಲಿ ಗುಡ್ಡೆಯಾಗಿರುವ ಜೀವಕೋಶಗಳು ಒಂದಕ್ಕೊಂದು ಸಂಕೇತ ಕೊಟ್ಟುಕೊಂಡು, ಚಪ್ಪಟೆಯಾಗಿ, ಹಳದಿ ಭಾಗದ ಮೇಲೆ ಇಳಿದು ಬರುತ್ತವೆ, ಕೂಸಿನ ತಲೆಗೆ ಕುಲಾವಿ ಎಳೆದ ಹಾಗೆ. ಇಪ್ಪತ್ತೆಂಟೂವರೆ ಡಿಗ್ರಿಯಲ್ಲಿ, ಮೊಟ್ಟೆ ಇಟ್ಟು ಐದೂಕಾಲು ಗಂಟೆಯಾಗುವಾಗ ಕುಲಾವಿ ಅರ್ಧಕ್ಕೆ ಬರಬೇಕು. ಸಾದಾ ನೀರಿನ ತಟ್ಟೆಯಲ್ಲಿ ಬಂದಿತ್ತು. ಔಷಧ ಬೆರೆಸಿದ ತಟ್ಟೆಯಲ್ಲಿ ಕಾಲು ಭಾಗ ಬಂದಿದ್ದರೆ ಹೆಚ್ಚು.

"ನೋಡಿದ್ರಾ ಅಕ್ಕಾ, ಔಷಧ ಸಂಕೇತಾನ ತಡೀತು. ಕೋಶಗಳು ನಿಂತೇ ಹೋದ್ವು!" ಎಂದಳು ಸಂಶೋಧನೆಯ ಹುಡುಗಿ. ಅವಳದು ಎರಡು ವರ್ಷದ ಕೆಲಸ. ನಾಲ್ಕು ಗಂಟೆಗೆ ಪ್ರಬಂಧ ಪತ್ರಿಕೆಗೆ ಹೋಗಬೇಕಿತ್ತು.

"ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸ್ಬೇಡ ತಾಯಿ. ಈ ತಟ್ಟೆ ಎಲ್ಲಿಟ್ಟಿದ್ದೆ?"

"ಇನ್‌ಕ್ಯುಬೇಟರಿನ ಕೆಳಗಿನ ಹಲಗೆ ಮೇಲೆ. ಸಾದಾ ನೀರಿಂದು ಯಾವಾಗ್ಲೂ ಮೇಲೆ. ಬೆರೆತು ಹೋಗ್ಬಾರ್ದಲ್ಲ."

ಮೀನಕ್ಕ ತಟ್ಟೆಯನ್ನು ಕೆಳಗಿನ ಹಲಗೆಗೇ ಮರಳಿಸಿ, ಪಕ್ಕದಲ್ಲಿ ಚಿಕ್ಕ ಬಟ್ಟಲು ನೀರಿಟ್ಟು ಥರ್ಮಾಮೀಟರು ಅದ್ದಿದರು. ಹತ್ತು ನಿಮಿಷದ ಮೇಲೆ ಅದು ಇಪ್ಪತ್ತಾರು ತೋರಿಸಿತು. ಬಾಗಿಲಿನ ಕೆಳಗಡೆ ರಬ್ಬರು ಬಿಟ್ಟುಕೊಂಡು ತಣ್ಣನೆ ಗಾಳಿ ಒಳಗೆ ನುಗ್ಗುತ್ತಿತ್ತು.

"ಬಾಗಿಲ ಮೇಲೆ ಇಪ್ಪತ್ತೆಂಟೂವರೆ ಅಂತ ತೋರಿಸ್ತಿದೆಯಲ್ಲ ಅಕ್ಕಾ!"

"ಅದು ಬಾಗಿಲ ಮಾತು. ಮೊಟ್ಟೆಗೆ ಗೊತ್ತಿರೋದು ನೀರಿನ ಬಿಸಿ. ಕೋಶಗಳು ನಿಂತಿಲ್ಲ, ತಡವಾಗಿವೆ. ತಟ್ಟೆ ಅಲ್ಲೇ ಇರ್ಲಿ."

ತಮ್ಮ ಹಳೆಯ ನೋಟ್‌ಬುಕ್ ತೆರೆದು, ಇಪ್ಪತ್ತಾರು ಡಿಗ್ರಿಯ ಸಾಲಿನ ಮೇಲೆ ಬೆರಳಿಟ್ಟು, ಕುಲಾವಿ ಎಷ್ಟು ಹೊತ್ತಿಗೆ ಅರ್ಧಕ್ಕೆ ಬರುತ್ತದೆಂದು ಗಟ್ಟಿಯಾಗಿ ಹೇಳಿದರು.

"ನಿಮಿಷದ ಲೆಕ್ಕಾನೂ ಹೇಳ್ತೀರಾ? ಭವಿಷ್ಯ ನೋಡೋರ ಹಾಗೆ!"

"ಭವಿಷ್ಯ ಅಲ್ಲ ಕಣೇ, ಹತ್ತೊಂಬತ್ತು ವರ್ಷದ ಭೂತ."

ಹೇಳಿದ ಹೊತ್ತಿಗೆ ತಟ್ಟೆ ತೆಗೆದರು. ಇಪ್ಪತ್ತು ಮೊಟ್ಟೆಗಳ ಪೈಕಿ ಹದಿನೆಂಟರಲ್ಲಿ ಕುಲಾವಿ ಸರಿಯಾಗಿ ಅರ್ಧಕ್ಕೆ ಬಂದಿತ್ತು.

ಹುಡುಗಿ ಸ್ಟೂಲಿನ ಮೇಲೆ ಕುಸಿದಳು. "ಎರಡು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

"ಇನ್ನೂ ಕಳಿಸಿಲ್ವಲ್ಲ? ಹಣ್ಣು ನಿನ್ನ ಕೈಲೇ ಇದೆ."

ಪ್ರಬಂಧ ಹೋಗಲಿಲ್ಲ. ಮರುದಿನ ತಟ್ಟೆಗಳನ್ನು ಅದಲುಬದಲು ಮಾಡಿದಾಗ ಸಾದಾ ನೀರಿನ ಮೊಟ್ಟೆಗಳೇ ಹಿಂದೆ ಬಿದ್ದವು. ಹುಡುಗಿ ಇನ್‌ಕ್ಯುಬೇಟರಿನ ಬಾಗಿಲಿಗೆ ಚೀಟಿಯೊಂದನ್ನು ಅಂಟಿಸಿದಳು. ಮೀನಕ್ಕ ನೋಟ್‌ಬುಕ್ಕಿನಿಂದ ತಲೆಯೆತ್ತಿ, ಕುಲಾವಿ ಅರ್ಧಕ್ಕೆ ಬರುತ್ತದೆಂದು ಹೇಳಿದ್ದ ಹೊತ್ತು ಅದರಲ್ಲಿದೆ: ಮೂರು ಗಂಟೆ ಆರು ನಿಮಿಷ.